ಅತಿಥಿಗೆ ತೋರಿಸದ ರಿವಾಲ್ವರ್

ಫಾರಮಿನ ಹನ್ನೊಂದನೆಯ ಕಾಲಂನಲ್ಲಿ ‘ಇಲ್ಲ’ ಎಂದು ಬರೆದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇದು ನನಗೆ ಆಮೇಲೆ ಹೊಳೆದ ಮಾತಲ್ಲ. ಬರೆಯುವ ಮೊದಲೇ ಇಬ್ಬರು ಹೇಳಿದ್ದರು. ನಾನು ಕೇಳಲಿಲ್ಲ, ಅಷ್ಟೇ.

ಆಗ ನಾನು ದುಕ್ಮ್‌ನಿಂದ ಒಂದೂವರೆ ಗಂಟೆ ದಾರಿ ಒಳಗೆ, ಮಸ್ಕತ್ತಿನಿಂದ ಆರು ಗಂಟೆ ದೂರದ ಮರುಭೂಮಿಯಲ್ಲಿ, ನೀರಿನ ಪೈಪ್‌ಲೈನ್ ಹಾಕುವ ಕಂಪನಿಯ ಕ್ಯಾಂಪಿನಲ್ಲಿ ಅಡ್ಮಿನ್ ಆಗಿದ್ದೆ. ಗೇಟ್ ಪಾಸು, ವೀಸಾ, ಮೆಡಿಕಲ್ಲು, ಬಸ್ಸಿನ ಪಟ್ಟಿ, ಮೆಸ್ಸಿನ ದೂರು ಎಲ್ಲವೂ ನನ್ನ ಮೇಜಿನ ಮೇಲೇ ಬಂದು ಬೀಳುತ್ತಿದ್ದವು. ಕ್ಯಾಂಪಿನಿಂದ ಹದಿನಾಲ್ಕು ಕಿಲೋಮೀಟರ್ ಆಚೆ ಪೈಪು ಪೇರಿಸಿಡುವ ಯಾರ್ಡ್ ಇತ್ತು. ಅದರ ಕಾವಲಿಗೆ ಅಲ್ಲಿಯವರೇ ಆದ ಹಿರಿಯರೊಬ್ಬರಿದ್ದರು. ಅವರ ಬಾವಿ, ಒಂಟೆಗಳು, ತಗಡು ಹೊದಿಸಿದ ಮನೆ ಎಲ್ಲ ಯಾರ್ಡಿನ ಬೇಲಿಯಿಂದ ಕೂಗಳತೆಯಲ್ಲಿ. ನಾವೆಲ್ಲ ಅವರನ್ನು ಬಾಬಾ ಎಂದು ಕರೆಯುತ್ತಿದ್ದೆವು. ಅವರು ನನ್ನನ್ನು ಸದೀಕ್ ಅನ್ನುತ್ತಿದ್ದರು, ಅಂದರೆ ಗೆಳೆಯ. ನಮ್ಮಿಬ್ಬರ ಮಾತು ಅರಬ್ಬಿಯನ್ನೂ ಹಿಂದಿಯನ್ನೂ ಮುರಿದು ಕಟ್ಟಿದ್ದು. ಇಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತೇನೆ.

ಬಾಬಾ ಬಳಿ ಒಂದು ರಿವಾಲ್ವರ್ ಇತ್ತು. ಅವರ ತಂದೆಯದು. ಸೊಂಟದ ಪಟ್ಟಿಗೆ ಸಿಕ್ಕಿಸಿ, ಮೇಲೆ ಉದ್ದನೆಯ ಅರಬ್ಬಿ ನಿಲುವಂಗಿ ದಿಶ್‌ದಾಶಾ ಇಳಿಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅವರು ಬಗ್ಗಿ ಕಹ್ವಾ, ಅಂದರೆ ಅರಬ್ಬಿ ಕಾಫಿ, ಸುರಿಯುವಾಗ ಒಮ್ಮೆ ನನ್ನ ಕಣ್ಣಿಗೆ ಬಿತ್ತು. ನಾನು ಬೆಚ್ಚಿದ್ದನ್ನು ನೋಡಿ ಅವರೇ ನಾಚಿಕೊಂಡರು.

“ತಪ್ಪಾಯಿತು, ಸದೀಕ್. ಮನೆಗೆ ಬಂದವರಿಗೆ ಇದು ಕಾಣಬಾರದು. ನಮ್ಮ ತಂದೆ ಹಾಗೇ ಕಲಿಸಿದ್ದು. ದಾರಿಯಲ್ಲಿ ಹೊರಗೆ ಕಟ್ಟು, ಅತಿಥಿ ಬಂದರೆ ಒಳಗೆ ಸೇರಿಸು ಅಂತ.”

“ಮತ್ತೆ ಈಗ ಯಾವಾಗಲೂ ಒಳಗೇ ಇರುತ್ತದಲ್ಲ, ಬಾಬಾ?”

“ನೀವು ಇಷ್ಟು ಜನ ಬಂದಿದ್ದೀರಿ. ಎಲ್ಲರೂ ಅತಿಥಿಗಳೇ ಅಲ್ಲವೇ?”

ನಾನೂರು ಜನ ಕೂಲಿಗಳು, ಹನ್ನೆರಡು ಕ್ರೇನು, ಹಗಲಿಡೀ ಧೂಳೆಬ್ಬಿಸುವ ಟ್ರೇಲರುಗಳು. ನಮ್ಮನ್ನು ಅತಿಥಿಗಳೆಂದು ಕರೆದವರು ಈ ದೇಶದಲ್ಲಿ ಅವರೊಬ್ಬರೇ. ಅವರು ರಿವಾಲ್ವರ್ ಹಾರಿಸಿದ್ದನ್ನು ನಾನಂತೂ ನೋಡಲಿಲ್ಲ, ಕೇಳಲೂ ಇಲ್ಲ.

ಎರಡನೆಯ ವರ್ಷ, ನಮಗೆ ಪೈಪ್‌ಲೈನಿನ ಗುತ್ತಿಗೆ ಕೊಟ್ಟಿದ್ದ ಕಂಪನಿಯಿಂದ ಒಂದು ಸುತ್ತೋಲೆ ಬಂತು. ಸೈಟಿನ ಎಲ್ಲ ಕಾವಲುಗಾರರ ಪಾಸನ್ನು ಹೊಸದಾಗಿ ಮಾಡಿಸಬೇಕು, ಯಾರಾದರೂ ಆಯುಧ ಇಟ್ಟುಕೊಂಡಿದ್ದರೆ ತಿಳಿಸಬೇಕು, ಸ್ಥಳೀಯ ಕಚೇರಿಯ ಪತ್ರ ಇನ್ನು ನಡೆಯುವುದಿಲ್ಲ, ಅನುಮತಿ ಮಸ್ಕತ್ತಿನಿಂದಲೇ ಬರಬೇಕು. ಮೂರು ವಾರ ಗಡುವು. ಜೊತೆಗಿದ್ದ ಫಾರಂ ಎರಡು ಪುಟದ್ದು, ಇಂಗ್ಲಿಷ್ ಮತ್ತು ಅರಬ್ಬಿ. ಹನ್ನೊಂದನೆಯ ಕಾಲಂ ಹೀಗಿತ್ತು: ಆಯುಧ ಧರಿಸುತ್ತಾರೆಯೇ? ಹೌದಾದರೆ ಹೊರಗೆ ಕಾಣುವಂತೆಯೋ, ಮರೆಯಲ್ಲಿಯೋ? ಅನುಮತಿಯ ವಿವರ.

ನಮ್ಮ ಪ್ರಾಜೆಕ್ಟ್ ಮ್ಯಾನೇಜರು ಮೈಸೂರಿನವರು. ಫಾರಂ ಹಿಡಿದುಕೊಂಡು ಹೋದರೆ ಕಂಪ್ಯೂಟರಿನಿಂದ ಮುಖವನ್ನೂ ಎತ್ತಲಿಲ್ಲ.

“ಅದನ್ನ ಮನೇಲಿಟ್ಟು ಡ್ಯೂಟಿಗೆ ಬನ್ನಿ ಅಂತ ಬಾಬಾಗೆ ಹೇಳ್ಬಿಡಿ. ಕಾಲಂನಲ್ಲಿ ಇಲ್ಲ ಅಂತ ಹಾಕಿ. ಮುಗೀತು.”

“ಸರ್, ಹಂಗ ಬರದ್ರ ಸುಳ್ಳಾಗ್ತದಲ್ರಿ. ನಾಳೆ ಚೆಕಿಂಗ್‌ನ್ಯಾಗ ಸಿಕ್ರ ಅವರ ಕೆಲಸಾನ ಹೋಗ್ತದ.”

“ಮನೇಲಿಟ್ರೆ ಹೇಗ್ರೀ ಸಿಗುತ್ತೆ?”

“ನೋಡ್ರಿ ಸರ್, ಅವರ ತಂದಿ ಹೆಸರಿನ್ಯಾಗ ಹಳೇ ಪರ್ಮಿಟ್ ಅದ ಅಂತ ಅವರ ಹೇಳ್ಯಾರ. ವಾರಸುದಾರ ಅಂತ ಅರ್ಜಿ ಹಾಕಿ ಪಕ್ಕಾ ಮಾಡಿಸಿಬಿಡ್ತೀನಿ. ಈ ಕೆಲಸ ನನಗ ಗೊತ್ತದರಿ.”

ಮ್ಯಾನೇಜರು ನಕ್ಕರು. “ನೀವೊಬ್ರು! ಸರಿ, ನಿಮ್ಮಿಷ್ಟ. ಆದ್ರೆ ಮೂರು ವಾರದೊಳಗೆ ಆಗ್ಬೇಕು.”

ಗೊತ್ತಿರುವ ಕೆಲಸವೇ ನನ್ನನ್ನು ಕೆಡಿಸಿತು. ಇಲ್ಲಿಗೆ ಬರುವ ಮುಂಚೆ ನಮ್ಮ ಜಿಲ್ಲೆಯ ಡಿಸಿ ಕಚೇರಿಯಲ್ಲಿ ಮೂರು ವರ್ಷ ಹೊರಗುತ್ತಿಗೆಯ ಮೇಲೆ ಬಂದೂಕು ಲೈಸೆನ್ಸಿನ ಕಡತಗಳನ್ನು ನೋಡಿದ್ದೆ. ಲೈಸೆನ್ಸುದಾರ ತೀರಿಕೊಂಡರೆ ಮಗ ಅರ್ಜಿ ಹಾಕುತ್ತಾನೆ. ತಹಶೀಲ್ದಾರರ ವರದಿ, ಪೊಲೀಸ್ ವರದಿ ಬರುತ್ತವೆ. ಡಿಸಿ ಸಹಿ ಬೀಳುತ್ತದೆ. ಜಿಲ್ಲೆಯ ಸಹಿ ರಾಜ್ಯದ ಗಡಿಯಾಚೆಗೆ ನಡೆಯದಿದ್ದರೆ ಮೇಲಿನವರಿಗೆ ಇನ್ನೊಂದು ಅರ್ಜಿ. ತಡವಾಗುತ್ತಿತ್ತು, ಅಲೆಸುತ್ತಿದ್ದರು, ಆದರೆ ಕೆಳಗಿನ ಕಚೇರಿ ಬರೆದದ್ದನ್ನು ಮೇಲಿನ ಕಚೇರಿ ಓದುತ್ತಿತ್ತು. ಕಾಗದ ಕ್ರಮವಾಗಿದ್ದರೆ ಮನುಷ್ಯ ಉಳಿಯುತ್ತಾನೆ ಎಂಬುದು ಆ ಮೇಜಿನಲ್ಲಿ ಕಲಿತ ನಂಬಿಕೆ. ಖಾಲಿ ಕಾಲಂ ಕಂಡರೆ ನನಗೆ ಇವತ್ತಿಗೂ ಕೈ ತುರಿಸುತ್ತದೆ.

ಮರುದಿನ ಯಾರ್ಡಿಗೆ ಹೋಗಿ ಬಾಬಾಗೆ ವಿವರಿಸಿದೆ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು.

“ಬೇಡವಾದರೆ ತಮ್ಮನ ಮನೆಯಲ್ಲಿ ಇಟ್ಟುಬರುತ್ತೇನೆ, ಸದೀಕ್. ಅದಿಲ್ಲದೆಯೂ ಪೈಪು ಕಾಯಬಹುದು. ಕೆಲಸ ಮಾತ್ರ ಹೋಗಬಾರದು. ಕೆಲಸ ಹೋದರೆ ಸೂರ್ ಪಟ್ಟಣದಲ್ಲಿರುವ ಮಗನ ಫ್ಲಾಟಿಗೆ ಹೋಗಬೇಕು. ಒಂಟೆ ಮಾರಬೇಕು. ಅಲ್ಲಿ ನಾನು ದಿನವಿಡೀ ಅತಿಥಿ.”

“ಕೆಲಸವೂ ಇರುತ್ತದೆ, ಇದೂ ಇರುತ್ತದೆ, ಬಾಬಾ. ನಾನು ಮಾಡಿಸಿಕೊಡುತ್ತೇನೆ.”

“ಕಾಗದದ ವಿಷಯ ನಿನಗೆ ಗೊತ್ತು. ನೀನು ಹೇಳಿದ ಹಾಗೆ.”

ಬಿಟ್ಟುಬರಲು ಅವರು ತಯಾರಿದ್ದರು.

ಅವರು ಒಳಗಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಪತ್ರವನ್ನು ತಂದರು. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿದ್ದನ್ನು ಹಿಂದಿನಿಂದ ಟೇಪು ಹಚ್ಚಿ ಕೂಡಿಸಿದ್ದರು. ಸ್ಥಳೀಯ ಕಚೇರಿಯ ಗುಂಡನೆಯ ಮೊಹರು ನೇರಳೆ ಬಣ್ಣಕ್ಕೆ ತಿರುಗಿತ್ತು. ಬಾವಿಯನ್ನೂ ಪ್ರಾಣಿಗಳನ್ನೂ ಕಾಯಲು ಇಂಥವರು ಈ ರಿವಾಲ್ವರನ್ನು ಧರಿಸಬಹುದು ಎಂದು ಬಾಬಾ ಅವರ ತಂದೆಯ ಹೆಸರಿಗೆ ಕೊಟ್ಟದ್ದು. ತಂದೆ ಹೋದ ಮೇಲೆ ಮಗ ಕಟ್ಟಿಕೊಂಡರು. ಸುತ್ತಲಿನವರಿಗೆಲ್ಲ ಗೊತ್ತಿತ್ತು, ಯಾರೂ ಕೇಳಲಿಲ್ಲ.

ರಿವಾಲ್ವರಿನ ಮೇಲಿನ ನಂಬರು ತೆಗೆಯುವುದಕ್ಕೇ ಅರ್ಧ ದಿನ ಹಿಡಿಯಿತು. ಬಾಬಾ ಗುಂಡುಗಳನ್ನು ಒಂದೊಂದಾಗಿ ತೆಗೆದು ಖರ್ಜೂರದ ತಟ್ಟೆಯಲ್ಲಿಟ್ಟರು. ಆರರಲ್ಲಿ ಎರಡಕ್ಕೆ ಹಸಿರು ಕಿಲುಬು ಹಿಡಿದಿತ್ತು. ಹಿಡಿಕೆಯ ಕೆಳಗಿನ ಲೋಹವನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ತಿಕ್ಕಿ, ಮೇಲೆ ತೆಳು ಕಾಗದ ಹಿಡಿದು ಪೆನ್ಸಿಲ್ ಉಜ್ಜಿದೆ. ಆರು ಅಂಕಿಗಳಲ್ಲಿ ನಾಲ್ಕು ಮೂಡಿದವು. ಕಾಣದ ಎರಡರ ಜಾಗದಲ್ಲಿ ‘ಅಸ್ಪಷ್ಟ’ ಎಂದು ಬರೆದುಕೊಂಡೆ. ನಮ್ಮ ಕಚೇರಿಯಲ್ಲಿ ಹಾಗೇ ಬರೆಯುತ್ತಿದ್ದೆವು.

ಸ್ಥಳೀಯ ಕಚೇರಿಯ ಗುಮಾಸ್ತರು ವಯಸ್ಸಾದವರು. ಹಿಂದೆ ಮುಂಬಯಿ ಕಂಡವರು, ಅಚ್ಚುಕಟ್ಟಾದ ಹಿಂದಿ ಮಾತಾಡುತ್ತಿದ್ದರು. ಬಾಬಾ ಮತ್ತು ಅವರು ಅಲ್ಲಿಯ ರೂಢಿಯಂತೆ ಮೂಗಿಗೆ ಮೂಗು ತಾಗಿಸಿ ಕುಶಲ ಕೇಳಿಕೊಂಡರು. ಒಂಟೆ, ಮಳೆ, ಮಕ್ಕಳು ಎಲ್ಲ ಮುಗಿದ ಮೇಲೆ ನಾನು ಕಾಗದ ಮುಂದಿಟ್ಟೆ. ಗುಮಾಸ್ತರು ಓದಿ, ಬಾಬಾ ಅವರನ್ನು ಹೊರಗೆ ಕೂರಲು ಕಳಿಸಿದರು.

“ಇದನ್ನು ಯಾಕೆ ಬರೆಯುತ್ತೀಯ? ಇವರ ತಂದೆಯನ್ನು ನಾನು ಬಲ್ಲೆ. ಇಲ್ಲಿ ಯಾರ ಸೊಂಟದಲ್ಲಿ ಏನಿದೆ ಅಂತ ನಮಗೆ ಗೊತ್ತು. ಯಾರ ಕೈ ದುಡುಕು ಅಂತಲೂ ಗೊತ್ತು. ಮಸ್ಕತ್ತಿಗೆ ಗೊತ್ತಿರುವುದು ಕಾಗದ ಮಾತ್ರ.”

“ಅದಕ್ಕೇ ಕಾಗದ ಸರಿ ಮಾಡಿಸೋಣ ಅಂತ. ನೀವು ಒಂದು ವರದಿ ಕೊಡಿ, ಇವರು ಪರಿಚಿತರು, ಒಳ್ಳೆಯವರು ಅಂತ.”

“ಆ ಅಧಿಕಾರ ಈಗ ನಮಗಿಲ್ಲ. ಎಲ್ಲ ಅಲ್ಲಿಗೆ ಹೋಯಿತು. ನಾನು ವರದಿ ಕೊಟ್ಟರೆ, ಇಷ್ಟು ವರ್ಷ ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಅಂತ ನಮ್ಮನ್ನೇ ಕೇಳುತ್ತಾರೆ. ಬಾಯಲ್ಲಿರುವುದು ಬಾಯಲ್ಲೇ ಇರಲಿ.”

ಸುಮ್ಮನೆ ಎದ್ದು ಬಂದಿದ್ದರೆ ಆಗುತ್ತಿತ್ತು. ಆದರೆ ಕಚೇರಿಗೆ ಹೋಗಿ ಬರಿಗೈಯಲ್ಲಿ ಬರುವುದು ನನಗೆ ಬಾರದು. ಕಡೇಪಕ್ಷ ಅರ್ಜಿ ಮುಟ್ಟಿದ್ದಕ್ಕೆ ಸ್ವೀಕೃತಿಯನ್ನಾದರೂ ಕೊಡಿ ಎಂದು ಪಟ್ಟು ಹಿಡಿದೆ. ಗುಮಾಸ್ತರು ನನ್ನನ್ನು ದಿಟ್ಟಿಸಿ ನೋಡಿದರು.

“ಮೊಹರು ಬೇಕೇ ಬೇಕೇ? ತಗೋ. ಖಲಾಸ್.”

ನನ್ನ ಪ್ರತಿಯ ಮೇಲೆ ಮೊಹರು ಬಿತ್ತು. ನನಗೋ ಗೆದ್ದ ಖುಷಿ. ಈವರೆಗೆ ಮಾತಿನಲ್ಲಿದ್ದ ಸಂಗತಿ ಈಗ ತಾರೀಖು ಬಿದ್ದ ಕಡತವಾಯಿತು ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ.

ಆ ದಿನವೇ ಫಾರಂ ತುಂಬಿದೆ. ಹನ್ನೊಂದನೆಯ ಕಾಲಂನಲ್ಲಿ ‘ಹೌದು’ ಎಂದು ಬರೆದೆ. ಹೊರಗೋ ಮರೆಯಲ್ಲೋ ಎಂಬಲ್ಲಿ ಪೆನ್ನು ನಿಂತಿತು. ದಿಶ್‌ದಾಶಾದ ಒಳಗಿರುವುದನ್ನು ಹೊರಗೆ ಎನ್ನಲಾದೀತೇ? ‘ಮರೆಯಲ್ಲಿ’ ಎಂಬ ಚೌಕಕ್ಕೆ ಗುರುತು ಹಾಕಿದೆ. ಯಾಕೆ ಮರೆಯಲ್ಲಿ ಎಂದು ಕೇಳುವ ಚೌಕ ಇರಲಿಲ್ಲ. ಜೊತೆಗೆ ಊರಿನ ಪದ್ಧತಿಯಲ್ಲೇ ವಿಷಯ, ಉಲ್ಲೇಖ ಎಂದು ಸಾಲು ಹಾಕಿ ಒಂದು ಪತ್ರ ಬರೆದೆ. ಉಲ್ಲೇಖ ಒಂದು, ತಂದೆಯ ಹಳೆಯ ಪತ್ರ. ಉಲ್ಲೇಖ ಎರಡು, ಸ್ವೀಕೃತಿ. ತಂದೆ ತೀರಿಕೊಂಡ ಮೇಲೆ ವಾರಸುದಾರರಾದ ಇವರು ಇಂದಿನವರೆಗೂ ಧರಿಸುತ್ತಾ ಬಂದಿದ್ದಾರೆ ಎಂದು ಸ್ಪಷ್ಟವಾಗಿ ಬರೆದೆ. ಅರಬ್ಬಿಗೆ ಅನುವಾದ ಮಾಡಿಸಿ, ಬಾಬಾ ಅವರಿಂದ ಸಹಿ ಹಾಕಿಸಿದೆ. ಅವರು ಓದಲಿಲ್ಲ. “ನೀನು ಬರೆದದ್ದಲ್ಲವೇ?” ಎಂದರು.

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವುದು ಎನ್ನುತ್ತಾರೆ. ನಾನು ಬಿಟ್ಟದ್ದು ಇನ್ನೊಬ್ಬರ ಮೈಮೇಲೆ.

ಎಲ್ಲವನ್ನೂ ಮಸ್ಕತ್ತಿಗೆ ಕಳಿಸಿದ ಮೇಲೆ ಒಂಬತ್ತು ದಿನ ಏನೂ ಇಲ್ಲ. ಹತ್ತನೆಯ ದಿನ ಬೆಳಿಗ್ಗೆ ಪೊಲೀಸರ ಎರಡು ವಾಹನಗಳು ಯಾರ್ಡಿಗೆ ಬಂದವು. ಬಂದವರು ಗೌರವದಿಂದಲೇ ನಡೆದುಕೊಂಡರಂತೆ. ಬಾಬಾ ಆ ಪೊಲೀಸರಿಗೂ ಕಹ್ವಾ ಕೊಟ್ಟರು, ಅವರು ಕುಡಿದರು. ಅತಿಥಿಗಳು ಬಂದರೆಂದು ಬಾಬಾ ರಿವಾಲ್ವರನ್ನು ಇನ್ನೂ ಒಳಕ್ಕೆ ಸೇರಿಸಿಕೊಂಡಿದ್ದರು. ಪೊಲೀಸರು ಅದನ್ನು ಅವರ ಸೊಂಟದಿಂದಲೇ ತೆಗೆದುಕೊಂಡರು. ಚೀಲಕ್ಕೆ ಹಾಕಿ, ಅಂಟು ಪಟ್ಟಿ ಹಚ್ಚಿ, ಗುಂಡುಗಳನ್ನು ಎಣಿಸಿ ಬರೆದುಕೊಂಡರು. ನಾನು ಹೋಗುವಷ್ಟರಲ್ಲಿ ಬಾಬಾ ವಾಹನದ ಹಿಂದಿನ ಸೀಟಿನಲ್ಲಿದ್ದರು. ಅವರ ಹೆಂಡತಿ ಬೇಲಿಯ ಹತ್ತಿರ ನಿಂತಿದ್ದರು. ನನ್ನನ್ನು ಕಂಡ ಕೂಡಲೇ ಆಕೆಗೆ ಧೈರ್ಯ ಬಂದ ಹಾಗಿತ್ತು. ಸದೀಕ್ ಬಂದ, ಇನ್ನು ಸರಿಹೋಗುತ್ತದೆ ಎಂದುಕೊಂಡರೇನೋ. ನನಗೆ ಅವರ ಮುಖ ನೋಡಲಾಗಲಿಲ್ಲ.

ಅಧಿಕಾರಿಯ ಕೈಯಲ್ಲಿ ನನ್ನ ಪತ್ರದ ಪ್ರತಿಯೇ ಇತ್ತು. ಅವರು ಸಮಾಧಾನದಿಂದ ಹೇಳಿದರು. ಪರವಾನಗಿ ಸತ್ತವರ ಹೆಸರಿನಲ್ಲಿದೆ. ಅದು ಮಗನಿಗೆ ದಾಟುವುದಿಲ್ಲ. ಇಷ್ಟು ವರ್ಷ ಪರವಾನಗಿ ಇಲ್ಲದೆ ಇಟ್ಟುಕೊಂಡಿದ್ದಾರೆ ಎಂದು ಅರ್ಜಿಯಲ್ಲೇ ಒಪ್ಪಿಕೊಂಡಿದ್ದಾರೆ. ಅದೂ ಮರೆಯಲ್ಲಿಟ್ಟುಕೊಂಡು, ಇಷ್ಟು ಜನ ಕೆಲಸ ಮಾಡುವ ಕಡೆ.

“ನಾನು ಬರೆದದ್ದು, ಸರ್. ಅವರಿಗೆ ಇಂಗ್ಲಿಷ್ ಬರುವುದಿಲ್ಲ.”

“ಅರಬ್ಬಿಯಲ್ಲೂ ಇದೆಯಲ್ಲ. ಸಹಿ ಅವರದೇ.”

ಅವರ ಮಾತಿನಲ್ಲಿ ಅನ್ಯಾಯವಿರಲಿಲ್ಲ. ಅದೇ ಕಷ್ಟ. ನಾನೂರು ಜನರ ನಡುವೆ ಯಾರ ಬಟ್ಟೆಯೊಳಗೆ ಪಿಸ್ತೂಲು ಇದೆ ಎಂದು ಸರ್ಕಾರಕ್ಕೆ ಗೊತ್ತಿರಬೇಕು ಎಂದರೆ ನಾನು ಹೇಗೆ ಬೇಡವೆನ್ನಲಿ? ಗುಮಾಸ್ತರು ಹೇಳಿದ್ದೂ ಸುಳ್ಳಲ್ಲ. ಮನುಷ್ಯರನ್ನು ಬಲ್ಲವರಿಗೆ ಅಧಿಕಾರ ಉಳಿದಿರಲಿಲ್ಲ. ಅಧಿಕಾರ ಇದ್ದವರಿಗೆ ಬಾಬಾ ಎಂದರೆ ಎರಡು ಪುಟದ ಫಾರಂ. ಆ ಎರಡು ಪುಟವನ್ನು ತುಂಬಿದವನು ನಾನು.

ನಾಲ್ಕು ದಿನ ಬಾಬಾ ಅವರನ್ನು ಠಾಣೆಯಲ್ಲಿ ಇಟ್ಟುಕೊಂಡರು. ಅಷ್ಟೂ ದಿನ ನಾನು ತಿರುಗಿದೆ. ಸ್ಥಳೀಯ ಕಚೇರಿಯ ಗುಮಾಸ್ತರು ಕೂರಲು ಕುರ್ಚಿ ಕೊಟ್ಟರು, ಬೈಯಲಿಲ್ಲ. “ಈಗ ನಮ್ಮ ಕೈಯಲ್ಲಿಲ್ಲ, ಮಸ್ಕತ್ತಿನಲ್ಲಿ ಕೇಳು” ಎಂದರು. ಆರು ಗಂಟೆ ಕಾರು ಓಡಿಸಿ ಮಸ್ಕತ್ತಿಗೆ ಹೋದೆ. ಕೌಂಟರಿನಲ್ಲಿದ್ದವರು ಕಡತ ತೆಗೆದು ನೋಡಿ, “ಸ್ಥಳೀಯ ಕಚೇರಿಯ ಶಿಫಾರಸು ಎಲ್ಲಿ?” ಎಂದು ಕೇಳಿದರು. ಇಲ್ಲ ಎಂದೆ. “ಅವರಿಗೆ ಪರಿಚಿತರಾಗಿದ್ದರೆ ಅವರು ಬರೆಯಬೇಕಿತ್ತಲ್ಲ” ಎಂದರು. ನನ್ನ ಬಳಿ ಇದ್ದದ್ದು ಒಂದು ಸ್ವೀಕೃತಿ. ಅದನ್ನೇ ಗಾಜಿನಾಚೆಗೆ ಎತ್ತಿ ಹಿಡಿದೆ. ಅವರು ಮುಂದಿನ ಟೋಕನ್ ಕರೆದರು.

ಮಸ್ಕತ್ತಿನ ಅಂಚಿಗಿರುವ ಅಲ್ ಮಬೇಲಾದ ನಮ್ಮ ಮನೆಗೆ ಹೋಗಿ ಕುಳಿತೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಹೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಿದಳು.

“ನಿಮ್ಮ ಮ್ಯಾನೇಜರು ಬ್ಯಾಡಂದ್ರು. ಆ ಗುಮಾಸ್ತ ಬ್ಯಾಡಂದ. ಅಜ್ಜಾರು ತಾವಾಗಿ ಬಿಟ್ಟುಬರ್ತೀನಿ ಅಂದ್ರು. ಮತ್ತ ನೀವು ಯಾರ ಸಲುವಾಗಿ ಬರದ್ರಿ?”

“ಅವರ ಸಲುವಾಗೇ ಬರದೆ.”

“ಅಲ್ರಿ. ನಿಮಗ ಬರ್ತದ ಅಂತ ತೋರ್ಸಲಿಕ್ಕೆ ಬರದ್ರಿ.”

ಸಿಟ್ಟು ಬಂತು, ಏನೇನೋ ಕೂಗಿದೆ. ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ಅವಳು ಹೇಳಿದ್ದೇ ನಿಜ. ಕ್ಯಾಂಪಿನಲ್ಲಿ ಬಸ್ಸಿನ ಪಟ್ಟಿ ಬರೆದುಕೊಂಡಿದ್ದವನಿಗೆ ಡಿಸಿ ಕಚೇರಿಯ ಹಳೆಯ ದೊಡ್ಡಸ್ತಿಕೆ ಮತ್ತೆ ಸಿಕ್ಕಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬಾಬಾ ಅವರನ್ನು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ರಿವಾಲ್ವರ್ ಹಿಂದಕ್ಕೆ ಬರಲಿಲ್ಲ. ಅವರ ಹೆಸರಿನ ಮುಂದೆ ಪ್ರಕರಣ ದಾಖಲಾಯಿತು. ಗುತ್ತಿಗೆ ಕೊಟ್ಟ ಕಂಪನಿ ಅದೇ ವಾರ ಅವರ ಪಾಸು ರದ್ದು ಮಾಡಿತು. ಮ್ಯಾನೇಜರು ಎರಡು ಸಲ ಫೋನಿನಲ್ಲಿ ವಾದ ಮಾಡಿದರು, ಮೂರನೆಯ ಸಲ ಫೋನ್ ಕೆಳಗಿಟ್ಟು ನನ್ನ ಕಡೆ ನೋಡಿದರು.

“ಪಾಸ್ ವಾಪಸ್ ತಗೊಳ್ಳೋದು ನಿಮ್ಮ ಕೆಲಸಾನೇ ಅಲ್ವೇನ್ರೀ? ನಂಗೂ ಬೇಜಾರಾಗ್ತಿದೆ. ಹೋಗಿ ಬನ್ನಿ.”

ಹೋದೆ. ಪಾಸು, ಹೆಲ್ಮೆಟ್ಟು, ಬೂಟು, ಹಳದಿ ಜಾಕೆಟ್ಟು, ಯಾರ್ಡಿನ ಗೇಟಿನ ಕೀಲಿ. ಪಟ್ಟಿಯ ಪ್ರಕಾರ ಒಂದೊಂದನ್ನೇ ಬಾಬಾ ತಂದಿಟ್ಟರು. ಬೂಟನ್ನು ಒರೆಸಿ ತಂದಿದ್ದರು. ಎಲ್ಲ ಮುಗಿದ ಮೇಲೆ ಖರ್ಜೂರದ ತಟ್ಟೆ ಮುಂದೆ ಸರಿಸಿದರು. ಒಂದನ್ನು ಬಾಯಿಗೆ ಹಾಕಿಕೊಂಡೆ.

“ಬಾಬಾ, ನನ್ನಿಂದ ತಪ್ಪಾಯಿತು.”

“ಇಲ್ಲ, ಇಲ್ಲ. ನೀನು ಇದ್ದದ್ದನ್ನು ಬರೆದೆ. ಕಾನೂನು ಬದಲಾಗಿತ್ತು, ನಿನಗೇನು ಗೊತ್ತು?”

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮೂರು ತಿಂಗಳ ನಂತರ ಅವರೇ ಕ್ಯಾಂಪಿಗೆ ಬಂದರು. ಎಂಟು ಒಂಟೆಗಳಲ್ಲಿ ಐದನ್ನು ಮಾರಿದ್ದರು. ನೀರಿನ ಟ್ಯಾಂಕರ್ ತುಂಬಿಸುವ ಹೊಸ ಸ್ಟೇಷನ್ನಿಗೆ ಗೇಟಿನವರು ಬೇಕಾಗಿದ್ದಾರೆ, ಮನೆಯಿಂದ ಹತ್ತಿರ, ಅರ್ಜಿ ತುಂಬಿಕೊಡು ಎಂದರು. ತುಂಬಲು ಬೇರೆ ಯಾರೂ ಸಿಗಲಿಲ್ಲವೇ ಎಂದು ಕೇಳುವ ಬಾಯಿ ನನಗಿರಲಿಲ್ಲ. ಕುರ್ಚಿ ಎಳೆದು ಕೂರಿಸಿದೆ. ಹೆಸರು, ವಯಸ್ಸು, ಗುರುತಿನ ಸಂಖ್ಯೆ ಬರೆದೆ. ಎರಡನೆಯ ಪುಟದಲ್ಲಿ ಆ ಪ್ರಶ್ನೆ ಇತ್ತು: ಅರ್ಜಿದಾರರ ಮೇಲೆ ಯಾವುದಾದರೂ ಪ್ರಕರಣ ದಾಖಲಾಗಿದೆಯೇ?

ಅವರಿಗೆ ಓದಿ ಹೇಳಿದೆ. ಅವರು ನನ್ನ ಮುಖ ನೋಡಿದರು.

“ಏನು ಬರೆಯಬೇಕು, ಸದೀಕ್?”

ಹೌದು ಎಂದು ಬರೆದರೆ ಅರ್ಜಿ ಅಲ್ಲೇ ಕಸದ ಬುಟ್ಟಿಗೆ ಹೋಗುತ್ತದೆ ಎಂದು ನನಗೆ ಖಚಿತವಿತ್ತು. ಗೇಟು ತೆರೆದು ಮುಚ್ಚುವ ಕೆಲಸಕ್ಕೆ ಯಾರು ಕಡತ ಹುಡುಕುತ್ತಾರೆ ಎಂದುಕೊಂಡೆ. ಈ ಸಲ ಬುದ್ಧಿವಂತನಾಗುತ್ತೇನೆ ಎಂದುಕೊಂಡೆ. ‘ಇಲ್ಲ’ ಎಂದು ಬರೆದೆ. ಬಾಬಾ ಕೆಳಗೆ ಸಹಿ ಹಾಕಿದರು. ಈ ಸಲವೂ ಓದಲಿಲ್ಲ.

ಎರಡು ವಾರದಲ್ಲಿ ಬಾಬಾಗೆ ಉತ್ತರ ಬಂತು. ಗುರುತಿನ ಸಂಖ್ಯೆ ಒತ್ತಿದರೆ ಸಾಕು, ಎಲ್ಲ ಪರದೆಯ ಮೇಲೆ ಬರುತ್ತಿತ್ತಂತೆ. ಪ್ರಕರಣ ಹಳೆಯ ಆಯುಧದ್ದು, ಮಾಹಿತಿ ಕೊಟ್ಟಿದ್ದರೆ ಪರಿಗಣಿಸಬಹುದಿತ್ತು. ಸುಳ್ಳು ಹೇಳಿಕೆ ಕೊಟ್ಟದ್ದರಿಂದ ಅರ್ಜಿ ತಿರಸ್ಕರಿಸಲಾಗಿದೆ. ಪರಿಗಣಿಸಬಹುದಿತ್ತು ಎಂಬ ಮಾತನ್ನು ನಾನು ಮೂರು ಸಲ ಓದಿದೆ.

ಬಾಬಾ ಆ ಕಾಗದ ಹಿಡಿದುಕೊಂಡು ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಉಳಿದ ಒಂಟೆಗಳನ್ನು ತಮ್ಮನಿಗೆ ಒಪ್ಪಿಸಿದ್ದಾಗಿತ್ತು. ಮರುದಿನ ಮಗ ಕಾರು ತರುತ್ತಾನೆ, ಸೂರ್‌ಗೆ ಹೋಗುತ್ತೇವೆ, ಮೂರನೆಯ ಮಹಡಿ ಎಂದರು. ನಾನು ಟೀ ತರಿಸಿದೆ. ಆಮೇಲೆ ಅವರು ಕಾಗದವನ್ನು ನನ್ನ ಮೇಜಿನ ಮೇಲೆ ಅಂಗೈಯಿಂದ ಸವರಿ ನೇರ ಮಾಡಿ ಕೇಳಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕಿತ್ತು.

“ಮೊದಲ ಸಲ ನೀನು ಹೌದು ಅಂತ ಬರೆದೆ. ಎರಡನೆಯ ಸಲ ಇಲ್ಲ ಅಂತ ಬರೆದೆ. ಮಗನ ಊರಿನಲ್ಲೂ ಯಾರಾದರೂ ಹೀಗೇ ಕೇಳುತ್ತಾರಲ್ಲ, ಸದೀಕ್, ಆಗ ನಾನು ಏನು ಹೇಳಲಿ?”

ನಾನು ಆ ಕಾಗದವನ್ನು ಮಡಿಸಿ ಅವರ ಕೈಗೆ ಕೊಟ್ಟೆ. ಅವರು ಎದ್ದು, ನನಗೆ ಸಲಾಂ ಹೇಳಿ ಹೋದರು.